ಚೀಲದ ಲೆಕ್ಕ

ನಮ್ಮ ಭಟ್ಟಿಯಲ್ಲಿ ಟೈರು ಅಂದರೆ ಸೌದೆ.
ಲಾರಿಯದು, ಟ್ರ್ಯಾಕ್ಟರಿನದು, ಸವೆದು ಬೋಳಾದದ್ದು,
ಪಿ.ಬಿ. ರಸ್ತೆಯ ಪಂಕ್ಚರ್ ಅಂಗಡಿಗಳಿಂದ
ಕೇಜಿ ಲೆಕ್ಕದಲ್ಲಿ ಬಂದದ್ದು.
ಕೊಚ್ಚಿ ಒಲೆಗೆ ತುರುಕಿದರೆ ಮರಳು ಕಾಯುತ್ತಿತ್ತು,
ಕಾದ ಮರಳಿಗೆ ಬಿದ್ದ ಅಕ್ಕಿ
ಎರಡು ಉಸಿರಿನೊಳಗೆ ಅರಳುತ್ತಿತ್ತು.
ಮಂಡಕ್ಕಿ ಮಾತ್ರ ಬೆಳ್ಳಗೆ.
ಗೋಡೆ, ಮೂಗಿನ ಒಳಗು, ಈದಿನ ಜುಬ್ಬ,
ಉಳಿದದ್ದಕ್ಕೆಲ್ಲ ಒಂದೇ ಮಸಿ.

ಆ ಮಸಿಯಲ್ಲಿ ಬೆರಳಾಡಿಸಿ
ಅಣ್ಣ ಜಬೀವುಲ್ಲಾ ತಿರುವು ಬರೆಯುತ್ತಿದ್ದ.
'ಇಲ್ಲಿ ಬ್ರೇಕು. ಇಲ್ಲಲ್ಲ, ಇನ್ನೂ ಆಚೆ.'
ಎಂಟನೇ ಕ್ಲಾಸಿನಲ್ಲಿ, ವೆಲ್ಡಿಂಗ್ ತಿಪ್ಪೇಶಣ್ಣನ ಕಾಲು ಹಿಡಿದು
ಗುಜರಿ ಸ್ಕೂಟರಿನ ಇಂಜಿನ್ನಿಗೆ ನಾಲ್ಕು ಚಕ್ರ ಬೆಸೆಸಿದ.
ಬಾತಿ ಕೆರೆಯ ದಾರಿಯಲ್ಲಿ ಎಮ್ಮೆಗಳು ಅವನಿಗೆ ದಾರಿ ಬಿಡಲಿಲ್ಲ.
ಅವುಗಳ ನಡುವೆ ನುಸುಳುವುದನ್ನು ಅಲ್ಲೇ ಕಲಿತೆ ಎಂದು
ಮುಂದೆ ಯಾರೋ ಮೈಕು ಹಿಡಿದಾಗ ಹೇಳಿದ,
ಅವರು ಅದನ್ನು ಹಾಕಲಿಲ್ಲ.

ಕೊಯಮತ್ತೂರಿಗೆ ಮೊದಲ ಸಲ ಅಬ್ಬಾನೂ ಹೋದರು.
ಗೆರೆಯೇ ಇಲ್ಲದ ಟೈರನ್ನು ಸವರಿ
'ಸವೆದೈತಲ್ರೀ, ಭಟ್ಟಿ ಮಾಲು ಇದು' ಅಂದರು.
ಹೊಸದು ಅಂದರು ತಂಡದವರು. ಬೆಲೆ ಹೇಳಿದರು.
ಅಬ್ಬಾ ಹಿರಿಯೂರಿನವರೆಗೂ ಮಾತಾಡಲಿಲ್ಲ.
ಆಮೇಲೆ ಕೇಳಿದರಂತೆ,
'ಪಕ್ಕದ ಸೀಟೇ ಇಲ್ವಲ್ಲೋ ಅದರಾಗೆ,
ನಿದ್ದೆ ಬಂದ್ರೆ ಯಾರು ಮಾತಾಡಿಸ್ತಾರೆ?'

ಲೆಕ್ಕದ ಪುಸ್ತಕ ನನ್ನ ಕೈಗೆ ಬಂದದ್ದು ಆ ವರ್ಷ.
ಒಂದು ಸೆಟ್ ಟೈರು, ನೂರಾ ಹತ್ತು ಚೀಲ ಮಂಡಕ್ಕಿ.
ಗೋಡೆಗೆ ಗುದ್ದಿ ಮುರಿದ ಕಾರಿನ ಮೂಗು, ಒಂದು ಶ್ರಾವಣ ಪೂರ್ತಿ.
ಹೆಲ್ಮೆಟ್ಟು, ಅಮ್ಮಿಯ ಎರಡು ಬಳೆ.
ಅದನ್ನು ಚೀಲಕ್ಕೆ ಇಳಿಸಲು ನನಗೆ ಮನಸ್ಸಾಗಲಿಲ್ಲ.
ಅವನು ಆರನೆಯವನಾದ, ಒಂಬತ್ತನೆಯವನಾದ,
ಮಣಿಕಟ್ಟು ಮುರಿದುಕೊಂಡ, ನಾಲ್ಕನೆಯವನಾದ.
ಐವತ್ತೆಂಟು ಕೇಜಿ ದಾಟಬಾರದೆಂದು
ಬೆಣ್ಣೆ ದೋಸೆಯ ಅಂಗಡಿ ಮುಂದೆ ಉಸಿರು ಬಿಗಿಹಿಡಿದು ನಡೆದ.

ಮಳೆಗಾಲದಲ್ಲಿ ಮಂಡಕ್ಕಿ ಮೆತ್ತಗಾಗುತ್ತದೆ.
ಅವನು ಗೆದ್ದದ್ದು ಮಳೆಯಲ್ಲಿ,
ಇಪ್ಪತ್ತೆರಡನೇ ವಯಸ್ಸಿಗೆ, ಶ್ರೀಪೆರಂಬುದೂರಿನಲ್ಲಿ.
ಎಲ್ಲರೂ ದಿನಾ ಓಡಿಸುವ ಗೆರೆಯಲ್ಲೇ ಹೋಗಿ ಜಾರಿದರಂತೆ,
ಇವನೊಬ್ಬ ಅದನ್ನು ಬಿಟ್ಟು ಹೊರಗಿನಿಂದ ಬಂದ.
ಫೋನಿನಲ್ಲಿ ನಗುತ್ತಿದ್ದ:
'ಓಡಿ ಓಡಿ ರಬ್ಬರು ಅಂಟಿದ ಜಾಗ ನೀರು ಬಿದ್ರೆ ಎಣ್ಣೆ ಇದ್ದಂಗೆ.
ಟೈರಿನ ಮಸಿ ಎಲ್ಲಿ ಕೂರ್ತೈತೆ ಅಂತ
ನಂಗೆ ಗೊತ್ತಿಲ್ಲದಿದ್ರೆ ಇನ್ಯಾರಿಗೆ?'

ಮುಂದಿನ ವರ್ಷ ಆ ಒಂದೇ ಸೀಟಿಗೆ
ಪುಣೆಯ ಹುಡುಗನೊಬ್ಬನ ತಂದೆ
ಇಡೀ ಹಂಗಾಮಿನ ದುಡ್ಡು ಒಮ್ಮೆಗೇ ಇಟ್ಟರು.
ಹುಡುಗನಿಗಾಗಿ ಕಾರು ಹದ ಮಾಡುವುದು ಜಬಿಯ ಕೆಲಸವಾಯಿತು.
ಬೆಳಿಗ್ಗೆ ಹತ್ತು ಸುತ್ತು ಓಡಿಸಿ, ಟೈರು ಕಾಯಿಸಿ, ಇಳಿದು ಬಿಡುವುದು.
ನಾಲ್ಕು ವರ್ಷ ಹಾಗೇ ಇಳಿದ.
ಚಿತ್ರದುರ್ಗ ದಾಟುವಾಗೊಮ್ಮೆ ಕೋಟೆ ನೋಡಿ ಅಂದದ್ದುಂಟು,
'ಇವರೇ ವಾಸಿ, ಏಳೇ ಸುತ್ತಿಗೆ ಮುಗಿಸಿದ್ರು.'

ಗೆದ್ದ ದಿನದ ಟೈರೊಂದನ್ನು ಬಸ್ಸಿನ ಮೇಲೆ ಹಾಕಿ ತಂದಿದ್ದ.
ಸೌದೆ ಸಾಲದ ವಾರಗಳಲ್ಲೂ
ಅಬ್ಬಾ ಅದನ್ನು ಒಲೆಗೆ ಹಾಕಲಿಲ್ಲ.
ಹಮಾಲಿ ಕೇಳಿದರೆ ಬೆರಳಿಟ್ಟು ತೋರಿಸುತ್ತಿದ್ದರು:
'ಮಳೆ ಟೈರು ಇದು, ಗೆರೆ ಐತೆ ನೋಡು,
ಇನ್ನೂ ಓಡ್ತೈತೆ.'

ಈಗ ಟೈರು ಸುಡುವಂತಿಲ್ಲ, ಹೊಟ್ಟು ಉರಿಸುತ್ತೇವೆ.
ಜಬಿ ಅಲ್ಲೇ ಹುಡುಗರಿಗೆ ಕಲಿಸುತ್ತಾನೆ, ಈದಿಗೆ ಬರುತ್ತಾನೆ,
ದೋಸೆ ತಿನ್ನುತ್ತಾನೆ, ಎರಡು.
ನಿನ್ನೆ ಹರಿಹರಕ್ಕೆ ಲೋಡು ಇತ್ತು.
ಟೆಂಪೊ ನಾನೇ ಓಡಿಸಿದೆ,
ಅವನು ಪಕ್ಕದ ಸೀಟಿನಲ್ಲಿ,
ಹಿಂದೆ ಆಳೆತ್ತರ ಚೀಲ, ಗಾಳಿಗೆ ಹಾರುವಷ್ಟು ಹಗುರ.
ತುಂಗಭದ್ರೆಯ ಸೇತುವೆಗೆ ಮುಂಚಿನ ತಿರುವಿನಲ್ಲಿ
ಅವನ ಬಲಗಾಲು
ಇಲ್ಲದ ಬ್ರೇಕನ್ನು ಒತ್ತಲಿಲ್ಲ.
ನಾನು ಒತ್ತಿದೆ.
'ಇನ್ನೂ ಆಚೆ' ಅಂದ,
ಕಣ್ಣು ಮುಚ್ಚಿಕೊಂಡೇ.